ಬಣಗಳು ಇರಲಿ, ರಾಜಿ ಬಯಲಲ್ಲಿ ನಡೆಯಲಿ

ಆಡಳಿತ ಪಕ್ಷದಲ್ಲಿ ಎರಡು ಬಣಗಳೆಂಬ ಸುದ್ದಿ ಬಂದರೆ ಸಾಕು, ಪ್ರಜಾಪ್ರಭುತ್ವವೇ ಹಾಳಾಯಿತೆಂದು ಹಳಹಳಿಸುತ್ತೇವೆ. ರಾಜಿ ಎಂದರೆ ಒಳಗೊಳಗೇ ಏನನ್ನೋ ಮಾರಿಕೊಂಡರೆಂದು ತಿಳಿಯುತ್ತೇವೆ. ಮಾನ್ವಿ ಸೀಮೆಯ ರೈತನಾಗಿ ನಾನಿದನ್ನು ಒಪ್ಪಲಾರೆ.

ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದವಿದೆ. ಮೇಲ್ಭಾಗದ ಗಂಗಾವತಿ, ಕಾರಟಗಿಯವರಿಗೆ ಭತ್ತದ ಗದ್ದೆಯಲ್ಲಿ ನೀರು ನಿಲ್ಲಬೇಕು. ಕೊನೆ ಭಾಗದ ಮಾನ್ವಿ, ಸಿರವಾರ, ರಾಯಚೂರಿನವರಿಗೆ ನಿಂತ ಬೆಳೆ ಒಣಗದಷ್ಟಾದರೂ ತಲುಪಬೇಕು. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿರುವಾಗ ಇಬ್ಬರ ಬೇಡಿಕೆಯೂ ಪೂರ್ತಿ ಈಡೇರುವುದು ಕಷ್ಟ, ಆದರೆ ಇಬ್ಬರದೂ ನ್ಯಾಯವಾದ ಬೇಡಿಕೆಯೇ. ಕಾಲುವೆಗೆ ಯಾವಾಗ, ಎಷ್ಟು ನೀರು ಬಿಡಬೇಕೆಂದು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಒಂದೇ ಪಕ್ಷದ ಶಾಸಕರು ಮೇಲ್ಭಾಗ, ಕೆಳಭಾಗವೆಂದು ಎದುರುಬದುರಾಗಿ ವಾದಿಸಿದರೆ ಅದು ಶಿಸ್ತಿನ ಕೊರತೆಯಲ್ಲ, ಮತ ಕೊಟ್ಟವರ ಹೊಲದ ಪರವಾಗಿ ಆಡುವ ಮಾತು. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಷ್ಟು ಕ್ಯುಸೆಕ್, ಕಾಲುವೆಯ 104ನೇ ಮೈಲಿನಲ್ಲಿ ನೀರಿನ ಮಟ್ಟ ಅಳೆಯುವ ಗೇಜಿನಲ್ಲಿ ಎಷ್ಟು ಅಡಿ ನೀರು ಇರಬೇಕು ಎಂಬುದು ಇಂಥ ಜಗ್ಗಾಟವಿಲ್ಲದೆ ತೀರ್ಮಾನವಾದರೆ, ಕೊನೆ ಭಾಗದವರ ಪಾಲು ಮೊದಲು ಕಳೆದುಹೋಗುತ್ತದೆ.

ಬಣಗಳಿಗೆ ಆಸ್ತಿಯ ಅಸಮ ಹಂಚಿಕೆಯೇ ಬಹುಮಟ್ಟಿಗೆ ಮೂಲವೆಂದೂ, ಸ್ವಾತಂತ್ರ್ಯವನ್ನು ಕಿತ್ತುಕೊಳ್ಳದೆ ಅವನ್ನು ಅಳಿಸಲಾಗದೆಂದೂ ಅಮೆರಿಕದ ಸಂವಿಧಾನ ರೂಪಿಸಿದವರಲ್ಲೊಬ್ಬರಾದ ಜೇಮ್ಸ್ ಮ್ಯಾಡಿಸನ್ 1787ರಲ್ಲೇ ಬರೆದಿದ್ದರು. ನಮ್ಮ ಭಾಗದಲ್ಲಿ ಆಸ್ತಿಯ ಜೊತೆಗೆ ನೀರನ್ನೂ ಸೇರಿಸಿಕೊಂಡು ಈ ಮಾತನ್ನು ಓದಬೇಕು.

ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಕೂಡ ರಾಜಿಯ ಫಲವೇ. ಪ್ರತ್ಯೇಕ ರಾಜ್ಯ ಬೇಕೆನ್ನುವವರಿಗೂ ಇದ್ದಂತೆಯೇ ಇರಲಿ ಎನ್ನುವವರಿಗೂ ನಡುವಿನ ದಾರಿ ಅದು. 2012ರ ಕೊನೆಯಲ್ಲಿ ಸಂವಿಧಾನ ತಿದ್ದುಪಡಿಗೆ ಮೂರನೇ ಎರಡರಷ್ಟು ಬಹುಮತ ಬೇಕಿದ್ದಾಗ ಕೇಂದ್ರದಲ್ಲಿ ಒಂದು ಪಕ್ಷದ ನೇತೃತ್ವ, ಬೆಂಗಳೂರಿನಲ್ಲಿ ಇನ್ನೊಂದು ಪಕ್ಷದ ಸರ್ಕಾರವಿತ್ತು, ಆದರೂ ತಿದ್ದುಪಡಿಯಾಯಿತು. ಇಂದು ನಮ್ಮ ಹುಡುಗರಿಗೆ ವೈದ್ಯಕೀಯ, ಎಂಜಿನಿಯರಿಂಗ್ ಸೀಟು ಮತ್ತು ನೇಮಕಾತಿಯಲ್ಲಿ ಸಿಗುತ್ತಿರುವ ಮೀಸಲಾತಿ ಅಲ್ಲಿಂದ ಬಂದದ್ದು.

ನನ್ನ ಸಿಟ್ಟು ಬೇರೆ ಬಗೆಯ ರಾಜಿಯ ಮೇಲಿದೆ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಕುದುರೆ ವ್ಯಾಪಾರ ತಡೆಯಲು ಬಂದಿತು. ಆದರೆ ವಿಪ್ (ಹೀಗೆಯೇ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿ ಮತ ಹಾಕಿದರೆ ಸ್ಥಾನವೇ ಹೋಗಬಹುದೆಂಬ ಭಯದಲ್ಲಿ ಸದನದ ಭಿನ್ನಮತ ರೆಸಾರ್ಟಿಗೆ ಹೋಗಿ ಕುಳಿತಿತು. ಅಲ್ಲಿ ಚೌಕಾಶಿ ನಡೆಯುವುದು ಮಂತ್ರಿಗಿರಿಗೆ, ನಿಗಮ ಮಂಡಳಿಗೆ. ಕಾಲುವೆಯ ಕೊನೆಯ ತೂಬಿನ ಮಾತು ಅಲ್ಲಿ ಯಾರೂ ಎತ್ತುವುದಿಲ್ಲ.

ಆದ್ದರಿಂದ ಕೊಪ್ಪಳ, ರಾಯಚೂರು ಎರಡೂ ಜಿಲ್ಲೆಗಳ ಶಾಸಕರಲ್ಲಿ ನನ್ನ ವಿನಂತಿ ಇಷ್ಟು: ಮುಂದಿನ ಸಲಹಾ ಸಮಿತಿ ಸಭೆಯಲ್ಲಿ ಯಾರು ಏನು ಕೇಳಿದರು, ಯಾರು ಎಷ್ಟು ಬಿಟ್ಟುಕೊಟ್ಟರು ಎಂಬ ನಡಾವಳಿಯನ್ನು ಅಚ್ಚುಕಟ್ಟಿನ ಪ್ರತಿ ಗ್ರಾಮ ಪಂಚಾಯಿತಿಯ ಸೂಚನಾ ಫಲಕಕ್ಕೆ ಹಾಕಿಸಿ.