ಡಾಕ್ಟ್ರೇ, ಆ ಪುಸ್ತಕ ಒಂದ್ಸಲ ಬಿಚ್ಚಿ ನೋಡಿ

ನಿನ್ನೆ ಮಗಳ ಚೆಕಪ್‌ಗೆ ಅಂತ ಹುಬ್ಬಳ್ಳಿಗೆ ಹೋಗಿದ್ದೆ. ಅವಳಿಗೆ ಟೈಪ್ 1 ಡಯಾಬಿಟಿಸ್, ಅಂದರೆ ಶುಗರ್ ಇಳಿಸುವ ಇನ್ಸುಲಿನ್ ಮೈಯಲ್ಲಿ ತಯಾರಾಗದೆ ದಿನವೂ ಚುಚ್ಚಿ ಕೊಡಬೇಕಾದ ಕಾಯಿಲೆ. ನಮ್ಮ ಮನೆ ವಿಷಯ ಅಷ್ಟೇ, ಮತ್ತೆ ಹೇಳುವುದಿಲ್ಲ. ಹೊಟ್ಟೆ ಉರಿದದ್ದು ನಮಗಿಂತ ಮೊದಲು ಒಳಗೆ ಹೋದವರ ವಿಷಯಕ್ಕೆ. ಸಿದ್ದಾಪುರದ ಕಡೆಯವರು. ಮೂರೋ ನಾಲ್ಕೋ ಕ್ಲಾಸಿನ ಹುಡುಗ, ಅವನಿಗೂ ಟೈಪ್ 1 ಡಯಾಬಿಟಿಸ್.

ತಾಯಿ ಕೈಯಲ್ಲಿ ಒಂದು ನೂರು ಪುಟದ ಪುಸ್ತಕ. ಹೊರಗೆ ಕೂತಾಗ ನನಗೂ ತೋರಿಸಿದ್ದರು. ಸ್ಕೇಲಿನಲ್ಲಿ ಗೆರೆ ಹೊಡೆದು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಕಾಲಂ ಮಾಡಿ ಶುಗರ್ ಬರೆದಿದ್ದಾರೆ. ಶುಗರ್ ತೀರಾ ಇಳಿದು 58 ಇದ್ದ ಕಡೆ ಕೆಂಪು ಪೆನ್ನಿನ ಸುತ್ತು, ಪಕ್ಕದಲ್ಲಿ 'ಊಟಕ್ಕೆ ಮುಂಚೆ ಕ್ಲಾಸಿನಲ್ಲಿ ಬೆವರಿದ, ಮೇಷ್ಟ್ರು ಸಕ್ಕರೆ ಕೊಟ್ಟರು' ಅಂತ. ಅಂಥ ಕೆಂಪು ಸುತ್ತೆಲ್ಲ ಶಾಲೆ ಇದ್ದ ದಿನವೇ. ಭಾನುವಾರ ಒಂದೂ ಇಲ್ಲ.

ಡಾಕ್ಟ್ರು ಆ ಪುಸ್ತಕ ಮುಟ್ಟಲಿಲ್ಲವಂತೆ. ಮೂರು ತಿಂಗಳ ಸರಾಸರಿ ತೋರಿಸುವ ರಿಪೋರ್ಟ್ ನೋಡಿ, ಜಾಸ್ತಿ ಇದೆ, ಬೆಳಗಿನ ಇನ್ಸುಲಿನ್ ಡೋಸ್ ಎರಡು ಯೂನಿಟ್ ಏರಿಸಿ ಅಂದರಂತೆ. ಮುಗೀತು.

ಮಧ್ಯಾಹ್ನ 58, ಗಾಬರಿಯಲ್ಲಿ ಸಿಹಿ ತಿನ್ನಿಸಿ ಸಂಜೆ 300ರ ಮೇಲೆ. ಸರಾಸರಿ ಒಂದನ್ನೇ ನೋಡಿದರೆ ಇವೆರಡೂ ಕಾಣುವುದಿಲ್ಲ. ಆ ಹುಡುಗನಿಗೆ ಕೊಡುವುದು ದಿನಕ್ಕೆ ಎರಡು ಸಲದ ಮಿಕ್ಸ್ ಇನ್ಸುಲಿನ್. ಅದರಲ್ಲಿ ನಿಧಾನವಾಗಿ ಕೆಲಸ ಮಾಡುವ ಭಾಗ ಜೋರಾಗುವುದೇ ನಾಲ್ಕೈದು ತಾಸಿನ ಮೇಲೆ. ಬಸ್ ತಪ್ಪಬಾರದು ಅಂತ ಬೆಳಿಗ್ಗೆ ಏಳಕ್ಕೇ ಎರಡು ತೆಳ್ಳೇವು ತಿಂದು ಹೊರಟ ಮಗುವಿಗೆ ಬಿಸಿಯೂಟ ಸಿಗುವುದು ಒಂದೂವರೆಗೆ, ನಡುವೆ ಹೊಟ್ಟೆಗೆ ಏನೂ ಇಲ್ಲ, ಶುಗರ್ ಇಳಿಯದೆ ಇನ್ನೇನಾಗುತ್ತದೆ? ಅದರ ಮೇಲೆ ಎರಡು ಯೂನಿಟ್ ಜಾಸ್ತಿ!

"ಶಾಲ್ಯಾಗ ಊಟ ಎಷ್ಟಕ್ಕ ಮಾಡ್ತಾನವ್ವಾ?" ಅಂತ ಒಂದು ಮಾತು ಕೇಳಬೇಕಿತ್ತು. ಹನ್ನೊಂದಕ್ಕೆ ಏನಾದರೂ ತಿನ್ನಿಸಬಹುದಾ, ಅಥವಾ ಪ್ರತಿ ಊಟಕ್ಕೂ ಬೇರೆ ಚುಚ್ಚುವ ಪದ್ಧತಿಗೆ ಹೋಗೋಣವಾ, ಹೋದರೆ ಶಾಲೆಯಲ್ಲಿ ಚುಚ್ಚುವವರು ಯಾರು? ಇದನ್ನು ಡಾಕ್ಟ್ರು ಒಬ್ಬರೇ ತೀರ್ಮಾನ ಮಾಡಲು ಆಗುವುದಿಲ್ಲ. ತಾಯಿ ಒಬ್ಬಳಿಗೂ ಆಗುವುದಿಲ್ಲ. ಎದುರು ಬದುರು ಕೂತು ಮಾತಾಡಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ, ಫ್ರಿಡ್ಜ್ ಇದ್ದೂ ಇಲ್ಲದ ಹಾಗೆ, ಇನ್ಸುಲಿನ್ ಎಲ್ಲಿಡುತ್ತೀರಿ ಅಂತಲೂ ಯಾರೂ ಕೇಳುವುದಿಲ್ಲ. ಅದನ್ನು ತಂಪಾಗಿಡುವ ಮಣ್ಣಿನ ಮಡಕೆ ಉಪಾಯ ಹೇಳಿಕೊಟ್ಟದ್ದು ಇನ್ನೊಂದು ಮಗುವಿನ ಅಜ್ಜಿ.

ಒಪಿಡಿ ತುಂಬ ಜನ, ಟೈಮ್ ಎಲ್ಲಿ ಅನ್ನುತ್ತೀರಿ. ಯೂಟ್ಯೂಬ್ ನೋಡಿ ಬಂದು ವಾದ ಮಾಡುವವರಿದ್ದಾರೆ, ನಾಟಿ ಮದ್ದು ನಂಬಿ ಇನ್ಸುಲಿನ್ ನಿಲ್ಲಿಸುವವರಿದ್ದಾರೆ ಅನ್ನುತ್ತೀರಿ. ಇದ್ದಾರೆ, ನಿಜ. ಟೈಪ್ 1 ಮಗುವಿಗೆ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನದಲ್ಲಿ ಜೀವಕ್ಕೇ ಸಂಚಕಾರ. ಆದರೆ ಈ ತಾಯಿ ಅಂಥವಳಾ? ದಿನವೂ ಗೆರೆ ಹೊಡೆದು ಬರೆದವಳು! ನಮ್ಮ ಸರದಿ ಬಂದಾಗ ಅವರನ್ನೂ ಒಳಗೆ ಕರೆದುಕೊಂಡು ಹೋಗಿ ಕೆಂಪು ಸುತ್ತಿನ ಪುಟ ತೆಗೆದು ಮೇಜಿನ ಮೇಲಿಟ್ಟೆ. ಡಾಕ್ಟ್ರು ನೋಡಿದರು. ಹಾಗಾದರೆ ಏರಿಸುವುದು ಬೇಡ ಅಂದರು. ಒಂದು ನಿಮಿಷವೂ ಹಿಡಿಯಲಿಲ್ಲ.

ಇನ್ನು ಆ ಹುಡುಗ. ಅವನನ್ನು ಯಾರೂ ಏನೂ ಕೇಳಲೇ ಇಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ಮಗುವಿನ ಮಾತಿಗೂ ಬೆಲೆ ಕೊಡಬೇಕು ಅನ್ನುತ್ತದೆ. 1992ರಲ್ಲಿ ನಮ್ಮ ದೇಶವೂ ಒಪ್ಪಿದೆ. ತಲೆ ತಿರುಗಿದರೂ ಮೇಷ್ಟ್ರಿಗೆ ಹೇಳಲು ನಾಚಿಕೆ ಅಂತ ಅವನು ನನ್ನ ಮಗಳ ಹತ್ತಿರ ಹೇಳಿದ. ಡಾಕ್ಟ್ರಿಗೆ ಇದು ಗೊತ್ತಾಗುವುದು ಬೇಡವಾ? ರಾತ್ರಿ ಎದ್ದು ಮಗಳ ಹಣೆ ಬೆವರಿದೆಯಾ ಅಂತ ಮುಟ್ಟಿ ನೋಡುವವಳು ನಾನು. ಅವನ ಮಾತು ಕೇಳಿ ನನಗೆ ಕಣ್ಣೀರು ತಡೆಯಲಾಗಲಿಲ್ಲ.

ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಕಡೆ ಇಂಥ ಮಕ್ಕಳಿರುವ ಮನೆಯವರು ಮೆಸೇಜ್ ಮಾಡಿ. ಡೋಸ್ ನೀವೇ ಬದಲಾಯಿಸಬೇಡಿ. ಶುಗರ್ ಬರೆಯುವ ಪುಸ್ತಕದಲ್ಲಿ ಊಟದ ಹೊತ್ತು, ಬಸ್ಸಿನ ಹೊತ್ತು ಎರಡೂ ಬರಲಿ. ನಮ್ಮ ಪುಸ್ತಕದ ಪುಟದ ಫೋಟೋ ಕಳಿಸುತ್ತೇನೆ.