ಸೂರ್ಯನಿಗೆ ತಲೆಬಾಗಿ ಚರ್ಚಿನೊಳಗೆ ಹೋದವರು

ಡಿಸೆಂಬರ್ ಬಂತೆಂದರೆ, ರೋಮನ್ನರ ಸೂರ್ಯನ ಹಬ್ಬವನ್ನು ಕದ್ದು ಕ್ರಿಸ್‌ಮಸ್ ಮಾಡಿಕೊಂಡರು ಎಂಬ ಪೋಸ್ಟ್‌ಗಳು ಹರಿದಾಡತೊಡಗುತ್ತವೆ. ಕ್ರಿ.ಶ. 354ರ ರೋಮನ್ ಪಂಚಾಂಗ ಸಂಕಲನವೊಂದರಲ್ಲಿ ಡಿಸೆಂಬರ್ 25ಕ್ಕೆ ‘ಅಜೇಯ’ನ, ಅಂದರೆ ಸೂರ್ಯದೇವನ ಎಂದು ಸಾಮಾನ್ಯವಾಗಿ ಅರ್ಥೈಸುವ, ಜನ್ಮದಿನವೂ ಕ್ರಿಸ್ತನ ಜನನವೂ ನಮೂದಾಗಿರುವುದು ನಿಜ. ಯಾವುದರ ಪ್ರಭಾವ ಯಾವುದರ ಮೇಲಾಯಿತೆಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ನನ್ನ ತಕರಾರು ಇರುವುದು ಕಳವಿನ ಆರೋಪದ ಬಗ್ಗೆ. ಆ ಕಾಲದ ಕ್ರೈಸ್ತರಲ್ಲಿ ಬಹುಪಾಲು ಜನ ಅದೇ ರೋಮನ್, ಗ್ರೀಕ್, ಈಜಿಪ್ಟಿನ ಮನೆತನಗಳಲ್ಲಿ ಹುಟ್ಟಿದವರು. ಹಳೆಯ ದೇವರುಗಳು ಅವರದೇ ಅಜ್ಜ ಅಜ್ಜಿಯರು ಪೂಜಿಸಿದ ದೇವರುಗಳು. ತಮ್ಮ ಮನೆಯ ಸೊತ್ತನ್ನು ಅವರು ಕದ್ದರೆನ್ನುವುದು ಹೇಗೆ?

ಐದನೆಯ ಶತಮಾನದ ನಡುಭಾಗದಲ್ಲಿ ಪೋಪ್ ಒಂದನೇ ಲಿಯೋ ತಮ್ಮ ಕ್ರಿಸ್‌ಮಸ್ ಪ್ರವಚನವೊಂದರಲ್ಲಿ ಭಕ್ತರನ್ನು ಗದರಿದ ಪ್ರಸಂಗ ಓದಬೇಕು. ರೋಮಿನ ಸಂತ ಪೇತ್ರರ ಬಸಿಲಿಕಾದ ಮೆಟ್ಟಿಲುಗಳನ್ನು ಹತ್ತಿ ಬಂದವರು, ಒಳಗೆ ಕಾಲಿಡುವ ಮುನ್ನ ಹಿಂದಿರುಗಿ ನಿಂತು, ಉದಯಿಸುವ ಸೂರ್ಯನಿಗೆ ತಲೆಬಾಗಿಸಿ ನಮಸ್ಕರಿಸುತ್ತಿದ್ದರು. ಸೃಷ್ಟಿಕರ್ತನನ್ನು ನೆನೆದೇ ಹಾಗೆ ಮಾಡಿದರೂ ಅದು ಕೂಡದೆಂದು ಲಿಯೋ ಹೇಳಿದರು. ನನಗೆ ಅಲ್ಲಿ ಕಾಣುವವರು ವಂಚಕರಲ್ಲ, ಎರಡು ಭಕ್ತಿಗಳನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡಿದ್ದ ಸಾಮಾನ್ಯರು.

ಈ ಮನಸ್ಸನ್ನು ಅರಿತವರು ಪೋಪ್ ಒಂದನೇ ಗ್ರೆಗೊರಿ. 601ರಲ್ಲಿ ಇಂಗ್ಲೆಂಡಿನ ಕೆಂಟ್ ರಾಜ್ಯದ ದೊರೆ ಎಥೆಲ್‌ಬರ್ಟ್‌ಗೆ ಹಳೆಯ ಗುಡಿಗಳನ್ನು ಕೆಡವಲು ಬರೆದಿದ್ದ ಅವರೇ, ಅದೇ ವರ್ಷ ಇಂಗ್ಲೆಂಡಿನತ್ತ ಹೊರಟಿದ್ದ ಧರ್ಮಪ್ರಚಾರಕ ಮೆಲ್ಲಿಟಸ್‌ಗೆ ಬರೆದ ಪತ್ರದಲ್ಲಿ ವಿಗ್ರಹಗಳನ್ನು ಮಾತ್ರ ನಾಶಮಾಡಿ ಗುಡಿಗಳನ್ನು ಉಳಿಸಿಕೊಳ್ಳುವಂತೆಯೂ, ಎತ್ತುಗಳ ಬಲಿಯ ಬದಲಿಗೆ ಜನರು ಚರ್ಚಿನ ಸುತ್ತ ಕೊಂಬೆಗಳ ಚಪ್ಪರ ಕಟ್ಟಿ ಅದೇ ಎತ್ತುಗಳನ್ನು ಕಡಿದು ಹಬ್ಬದೂಟ ಮಾಡಲೆಂದೂ ಸೂಚಿಸಿದರು. ಸಿಸಿಲಿಯ ಸಿರಾಕ್ಯೂಸ್ ಕೆಥೆಡ್ರಲ್‌ನ ಗೋಡೆಗಳಲ್ಲಿ ಗ್ರೀಕ್ ದೇವತೆ ಅಥೀನಾಳ ಹಳೆಯ ದೇಗುಲದ ದಪ್ಪ ಡೋರಿಕ್ ಶೈಲಿಯ ಕಂಬಗಳು ಇಂದಿಗೂ ಎದ್ದು ಕಾಣುತ್ತವೆ.

ಇದೆಲ್ಲವೂ ಸೌಹಾರ್ದದಿಂದ ನಡೆಯಿತೆಂದು ನಾನು ಹೇಳುತ್ತಿಲ್ಲ. ಥಿಯೋಡೋಸಿಯಸ್ ಚಕ್ರವರ್ತಿ 391ರಲ್ಲಿ ಬಲಿಯನ್ನೂ ದೇಗುಲ ಪ್ರವೇಶವನ್ನೂ ನಿಷೇಧಿಸಿದ. ಸುಮಾರು ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯಾದ ಸೆರಾಪಿಸ್ ದೇಗುಲ ನೆಲಸಮವಾಯಿತು. ಹಬ್ಬದ ತಾರೀಖಿಗಿಂತ ನನ್ನನ್ನು ಹೆಚ್ಚು ಕಾಡುವುದು 384ರ ಘಟನೆ. ರೋಮಿನ ಸೆನೆಟ್ ಭವನದಿಂದ ತೆಗೆಸಿದ್ದ ವಿಜಯದೇವತೆಯ ಬಲಿಪೀಠವನ್ನು ಮರಳಿ ಇಡಬೇಕೆಂದು ಹಳೆಯ ದೇವರುಗಳನ್ನು ನಂಬಿದ್ದ ಸೆನೆಟರ್ ಸಿಮ್ಮಾಕಸ್ ಚಕ್ರವರ್ತಿಗೆ ಮನವಿ ಸಲ್ಲಿಸಿ, ಅಷ್ಟು ದೊಡ್ಡ ರಹಸ್ಯವನ್ನು ಒಂದೇ ದಾರಿಯಿಂದ ತಲುಪಲಾಗದು ಎಂದು ವಾದಿಸಿದ. ಮಿಲಾನಿನ ಬಿಷಪ್ ಅಂಬ್ರೋಸ್ ಅದನ್ನು ಖಡಾಖಂಡಿತವಾಗಿ ವಿರೋಧಿಸಿದರು, ಮನವಿ ತಿರಸ್ಕೃತವಾಯಿತು. ಎಲ್ಲರಿಗೂ ತಮಗಿಷ್ಟವಾದ ದೇವರನ್ನು ಪೂಜಿಸುವ ಸ್ವಾತಂತ್ರ್ಯ ರೋಮನ್ ಸಾಮ್ರಾಜ್ಯದಲ್ಲಿ 313ರಲ್ಲಿ ದೊರೆತಾಗ ಅದರಿಂದ ಬದುಕಿಕೊಂಡವರು ಕ್ರೈಸ್ತರೇ. ಎಪ್ಪತ್ತೊಂದು ವರ್ಷಗಳ ನಂತರ ಸಿಮ್ಮಾಕಸ್‌ನ ವಾದದ ತಿರುಳೂ ಅದೇ ಆಗಿತ್ತು.