ಹೊಲ ಅಡವಿಟ್ಟು ವಿದೇಶಕ್ಕೆ ಓದಲು ಹೋಗುವವರು ರ‍್ಯಾಂಕಿಂಗ್ ಪಟ್ಟಿಯನ್ನು ಹೇಗೆ ಓದಬೇಕು

ರಾಯಚೂರಿನ ಕಡೆ ಮಗನನ್ನೋ ಮಗಳನ್ನೋ ವಿದೇಶಕ್ಕೆ ಓದಲು ಕಳಿಸುವ ಮಾತು ಬಂದರೆ ಮನೆಯವರೆಲ್ಲ ಕೇಳುವುದು ಒಂದೇ: ಆ ವಿಶ್ವವಿದ್ಯಾಲಯದ ರ‍್ಯಾಂಕ್ ಎಷ್ಟು? ಹೊಲ ಅಡವಿಟ್ಟು ಸಾಲ ತೆಗೆಯುವವರು ಹಾಗೆ ಕೇಳುವುದು ಸರಿಯೇ. ಆದರೆ ಆ ಅಂಕಿ ಯಾತಕ್ಕಾಗಿ ಹುಟ್ಟಿತು ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕು.

2003ರಲ್ಲಿ ಶಾಂಘೈ ಜಿಯಾವೊ ಟಾಂಗ್ ವಿಶ್ವವಿದ್ಯಾಲಯ ತನ್ನ ಜಾಗತಿಕ ಪಟ್ಟಿ ಹೊರತಂದದ್ದು ವಿದ್ಯಾರ್ಥಿಗಳಿಗಾಗಿ ಅಲ್ಲ. ಚೀನಾದ ವಿಶ್ವವಿದ್ಯಾಲಯಗಳು ಜಗತ್ತಿನ ಮೇಲ್ದರ್ಜೆಯವಕ್ಕಿಂತ ಎಷ್ಟು ಹಿಂದಿವೆ ಎಂದು ಅಳೆಯುವುದು ಅವರ ಉದ್ದೇಶವಾಗಿತ್ತು. ನೊಬೆಲ್ ಮತ್ತು ಗಣಿತದ ಫೀಲ್ಡ್ಸ್ ಪದಕ ಪಡೆದ ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳಿಗೇ ಶೇ 30 ತೂಕ. ಉಳಿದದ್ದು ಬಹುಪಾಲು ಸಂಶೋಧನಾ ಪ್ರಬಂಧಗಳ ಲೆಕ್ಕ. ತರಗತಿಯಲ್ಲಿ ಪಾಠ ಹೇಗೆ ನಡೆಯುತ್ತದೆ ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ.

ಮರುವರ್ಷ ಬ್ರಿಟನ್‌ನ ಟೈಮ್ಸ್ ಹೈಯರ್ ಎಜುಕೇಶನ್ ಪತ್ರಿಕೆ ಮತ್ತು ಕ್ಯೂಎಸ್ ಎಂಬ ಕಂಪನಿ ಜೊತೆಗೂಡಿ ಇನ್ನೊಂದು ಪಟ್ಟಿ ತಂದವು. 2010ರಿಂದ ಅವೂ ಬೇರೆ ಬೇರೆ. ಕ್ಯೂಎಸ್ ಪಟ್ಟಿಯಲ್ಲಿ ವರ್ಷಗಟ್ಟಲೆ ಶೇ 40 ತೂಕ ಪ್ರಾಧ್ಯಾಪಕರ ಸಮೀಕ್ಷೆಯಿಂದ ಬಂದ ಹೆಸರಿಗೆ ಇತ್ತು, ಈಗ ಶೇ 30. ಹೆಸರು ಹಳೆಯ, ದೊಡ್ಡ ಸಂಸ್ಥೆಗಳ ಪಾಲಿಗೆ ಬೇಗ ಬರುತ್ತದೆ. ಅದೇ ಕ್ಯೂಎಸ್ ವಿದ್ಯಾರ್ಥಿ ಮೇಳಗಳನ್ನೂ ನಡೆಸುತ್ತದೆ, ವಿಶ್ವವಿದ್ಯಾಲಯಗಳಿಗೆ ಸಲಹಾ ಸೇವೆಯನ್ನೂ ಮಾರುತ್ತದೆ. ಇದು ನನಗೆ ಒಪ್ಪಿತವಲ್ಲ.

ಸಂಸ್ಥೆಗಳೇ ಕೊಡುವ ಮಾಹಿತಿಯನ್ನು ಎಷ್ಟು ನಂಬಬಹುದು? 2022ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕ ಮೈಕೆಲ್ ಥಡೇಯಸ್ ತಮ್ಮದೇ ಸಂಸ್ಥೆ ಕೊಟ್ಟ ಅಂಕಿಅಂಶಗಳು ತಪ್ಪೆಂದು ಬಿಡಿಸಿಟ್ಟರು. ಅಮೆರಿಕದ ಯುಎಸ್ ನ್ಯೂಸ್ ಪಟ್ಟಿಯಲ್ಲಿ 2ನೇ ಸ್ಥಾನದಲ್ಲಿದ್ದ ಕೊಲಂಬಿಯಾ 18ಕ್ಕೆ ಇಳಿಯಿತು. ಅಲ್ಲಿನ ಪಾಠ ರಾತ್ರೋರಾತ್ರಿ ಕೆಟ್ಟಿತೇ? ಇಲ್ಲ.

ನಮ್ಮ ಜಿಲ್ಲೆಗೆ ಹತ್ತಿರದ ಉದಾಹರಣೆ ನೋಡಿ. ತುಂಗಭದ್ರಾ ಅಚ್ಚುಕಟ್ಟಿನ ಸವಳು ಭೂಮಿಯ ಬಗ್ಗೆ ಕೆಲಸ ಮಾಡಬೇಕೆಂದು ನಮ್ಮ ಕೃಷಿ ವಿಶ್ವವಿದ್ಯಾಲಯದಿಂದ ಒಬ್ಬ ಹುಡುಗಿ ಹೊರಡುತ್ತಾಳೆ ಎನ್ನೋಣ. ನೆದರ್ಲೆಂಡ್ಸ್‌ನ ವಾಗನಿಂಗನ್ ವಿಶ್ವವಿದ್ಯಾಲಯ ಕ್ಯೂಎಸ್‌ನ ಒಟ್ಟು ಪಟ್ಟಿಯಲ್ಲಿ ಮೊದಲ ನೂರರ ಆಚೆ ಇದೆ. ಕೃಷಿ ವಿಷಯದ ಪಟ್ಟಿಯಲ್ಲಿ ಅದು ವರ್ಷಗಳಿಂದ ಮೊದಲನೆಯದು. ಒಟ್ಟು ಪಟ್ಟಿಯನ್ನಷ್ಟೇ ನೋಡಿದ ಏಜೆಂಟ್ ಅವಳನ್ನು ಅದಕ್ಕಿಂತ "ಮೇಲಿನ" ಯಾವುದೋ ನಗರದ ವಿಶ್ವವಿದ್ಯಾಲಯಕ್ಕೆ ಸೇರಿಸಿಬಿಡಬಹುದು, ಅಲ್ಲಿ ಮಣ್ಣು ವಿಜ್ಞಾನದ ವಿಭಾಗವೇ ಇಲ್ಲದಿರಬಹುದು. ಆದ್ದರಿಂದ ಮೊದಲು ವಿಷಯವಾರು ಪಟ್ಟಿ ತೆರೆಯಿರಿ. ಆಮೇಲೆ ಆ ವಿಭಾಗದಲ್ಲಿ ಯಾರಿದ್ದಾರೆ, ಏನು ಪ್ರಕಟಿಸಿದ್ದಾರೆ, ಶುಲ್ಕ ಎಷ್ಟು, ಓದಿದ ಮೇಲೆ ಅಲ್ಲಿ ಎಷ್ಟು ಕಾಲ ಉಳಿಯಬಹುದು ಎಂದು ನೋಡಿ. ಒಟ್ಟು ರ‍್ಯಾಂಕ್ ಕೊನೆಗೆ ಬರಲಿ.

ಹಾಗೆಂದು ಪಟ್ಟಿಯನ್ನು ಮೂಲೆಗೆ ಎಸೆಯಲೂ ಆಗದು, ಏಕೆಂದರೆ ಸರ್ಕಾರಗಳೇ ಅದನ್ನು ಬಾಗಿಲಿಗೆ ಕಾವಲು ನಿಲ್ಲಿಸಿವೆ. 2022ರಲ್ಲಿ ಬ್ರಿಟನ್ ರ‍್ಯಾಂಕಿಂಗ್ ಆಧರಿಸಿಯೇ ಪದವೀಧರರಿಗೆ ಹೊಸ ವೀಸಾ ತಂದಿತು. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗೆಂದು ಇರುವ ನಮ್ಮ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಕ್ಯೂಎಸ್‌ನ ಮೊದಲ 500ರ ಷರತ್ತು ಹಾಕಿತು. ವೈದ್ಯಕೀಯ ನೊಬೆಲ್ ಯಾರಿಗೆಂದು ತೀರ್ಮಾನವಾಗುವ ಸ್ವೀಡನ್‌ನ ಕರೋಲಿನ್ಸ್ಕಾ ಸಂಸ್ಥೆ ಒಂದೇ ಕ್ಷೇತ್ರದ್ದಾದ್ದರಿಂದ ಆ ಒಟ್ಟು ಪಟ್ಟಿಯಲ್ಲಿ ಇಲ್ಲ! ಬಡವರ ಮಕ್ಕಳ ಹಣೆಬರಹವನ್ನು ಇಂಥ ಅಂಕಿಗೆ ಕಟ್ಟಿಹಾಕುವುದು ಅನ್ಯಾಯ. ವಿಷಯವಾರು ಪಟ್ಟಿಯನ್ನೂ ಮಾನ್ಯ ಮಾಡುವಂತೆ ನಿಯಮ ಇರಬೇಕು. ರಾಯಚೂರು, ಬಳ್ಳಾರಿ, ಕೊಪ್ಪಳದ ಸಂಸದರು ಇದನ್ನು ಲೋಕಸಭೆಯಲ್ಲಿ ಎತ್ತಬೇಕೆಂದು ನಾನು ಪತ್ರ ಬರೆಯುತ್ತಿದ್ದೇನೆ, ನೀವೂ ಬರೆಯಿರಿ.